ಬಾಕಿ ವಸೂಲಿಗೆ ಬಂದ ಹೀ-ಮ್ಯಾನ್

ಟೀವಿಯಲ್ಲಿ ಜಾಹೀರಾತು ಬಂತೆಂದರೆ ಎದ್ದು ಅಡುಗೆಮನೆಗೆ ಹೋಗಿ ನೀರು ಕುಡಿದು ಬರುವ ಜಾತಿ ನನ್ನದು. ಯಾವ ಸೋಪಿನಿಂದ ಯಾರು ಬೆಳ್ಳಗಾದರೂ, ಯಾವ ಪೇಸ್ಟಿನಿಂದ ಯಾರ ಹಲ್ಲು ಹೊಳೆದರೂ ನನಗೆ ಸಂಬಂಧವಿಲ್ಲ. ಐದು ರೂಪಾಯಿಯ ಪೆನ್ನು ಕೊಳ್ಳುವಾಗಲೂ ಕಂಪನಿ ಏನನ್ನುತ್ತದೆ ಎಂಬುದನ್ನು ಬಿಟ್ಟು ಅಂಗಡಿಯ ಶೆಟ್ಟರು ಏನನ್ನುತ್ತಾರೆ ಎಂದು ಕೇಳುವವನು. ಇಂಥ ನಾನು ಬಾಲ್ಯದಲ್ಲಿ ಚಕ್ಕಳಮಕ್ಕಳ ಹಾಕಿ, ಬಾಯಿ ತೆರೆದುಕೊಂಡು, ಪರಮ ಶ್ರದ್ಧೆಯಿಂದ ನೋಡಿದ ಕಾರ್ಯಕ್ರಮವೇ ಒಂದು ಜಾಹೀರಾತು, ಅದೂ ಅರ್ಧ ಗಂಟೆ ಉದ್ದದ್ದು ಎಂಬ ಸಂಗತಿ ನಲವತ್ತು ದಾಟಿದ ಮೇಲೆ ತಿಳಿಯಿತು. ತಿಳಿಸಿದವನು ನನ್ನ ಮಗ.

ಕಾರ್ಯಕ್ರಮದ ಹೆಸರು ‘ಹೀ-ಮ್ಯಾನ್ ಅಂಡ್ ದ ಮಾಸ್ಟರ್ಸ್ ಆಫ್ ದ ಯೂನಿವರ್ಸ್’. ಇಷ್ಟುದ್ದ ಹೆಸರನ್ನು ನಮ್ಮಲ್ಲಿ ಯಾರೂ ಹೇಳುತ್ತಿರಲಿಲ್ಲ. ‘ಈಮ್ಯಾನು’ ಎಂದರೆ ಇಡೀ ತುಮಕೂರಿನ ಹುಡುಗರಿಗೆ ಅರ್ಥವಾಗುತ್ತಿತ್ತು. ಅಮೆರಿಕದಲ್ಲಿ 1983ರಲ್ಲಿ ಶುರುವಾದ ಈ ಕಾರ್ಟೂನನ್ನು ಅದೇ ದಶಕದ ಕೊನೆಯ ವರ್ಷಗಳಲ್ಲಿ ದೂರದರ್ಶನ ನಮಗೆ ತೋರಿಸಿತು. ರಾಮಾಯಣ ಬರುವ ಹೊತ್ತಿಗೆ ಟೀವಿಗೆ ಹೂವು ಮುಡಿಸಿ ಊದುಬತ್ತಿ ಹಚ್ಚುತ್ತಿದ್ದ ಕಾಲ ಅದು. ಹೀ-ಮ್ಯಾನ್‌ಗೆ ಊದುಬತ್ತಿ ಹಚ್ಚಲಿಲ್ಲ, ಅಷ್ಟೇ. ಭಕ್ತಿಯಲ್ಲಿ ಕಡಿಮೆಯೇನೂ ಇರಲಿಲ್ಲ.

ನಮ್ಮ ಬೀದಿಯ ಹುಡುಗರೆಲ್ಲ ಸೇರುತ್ತಿದ್ದದ್ದು ಹೈಸ್ಕೂಲು ಮೇಷ್ಟ್ರ ಮನೆಯಲ್ಲಿ. ಅವರ ಟೀವಿಗೆ ಎರಡೂ ಕಡೆಯಿಂದ ಎಳೆಯುವ ಮರದ ಬಾಗಿಲು, ಬೀಗ, ನೆತ್ತಿಯ ಮೇಲೆ ಕ್ರೋಷಾ ಹೆಣಿಗೆಯ ಹೊದಿಕೆ, ಅದರ ಮೇಲೆ ಪ್ಲಾಸ್ಟಿಕ್ ಗುಲಾಬಿ. ಒಳಗೆ ಮಾತ್ರ ಕಪ್ಪುಬಿಳುಪು. ಆ ಕೊರತೆ ನೀಗಲೆಂದು ಮೇಷ್ಟ್ರು ಪರದೆಗೆ ಒಂದು ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು: ಮೇಲೆ ನೀಲಿ, ನಡುವೆ ಕೆಂಪು, ಕೆಳಗೆ ಹಸಿರು. ವಾರ್ತೆ ಓದುವಾಕೆಯ ಹಣೆ ನೀಲಿ, ಮೂಗು ಕೆಂಪು, ಸೀರೆ ಸದಾ ಹಸಿರು. ಹೀ-ಮ್ಯಾನ್ ಎದ್ದು ನಿಂತರೆ ನೀಲಿ ಮುಖದವನು, ಕೂತರೆ ಕೆಂಪು ಮುಖದವನು. ಕಾಕತಾಳೀಯವೆಂದರೆ ಅವನು ಏರುತ್ತಿದ್ದ ‘ಬ್ಯಾಟಲ್ ಕ್ಯಾಟ್’ ಎಂಬ ಹುಲಿ ಪರದೆಯ ಕೆಳಭಾಗದಲ್ಲೇ ಓಡುತ್ತಿದ್ದದ್ದರಿಂದ ನಮಗೆ ಹಸಿರಾಗಿ ಕಾಣುತ್ತಿತ್ತು. ಹುಲಿಗೆ ಹಸಿರು ಬಣ್ಣವೇ, ಈ ಹಾಳೆಯನ್ನು ಕಿತ್ತುಹಾಕಬೇಕು ಎಂದು ನಾವು ಗೊಣಗುತ್ತಿದ್ದೆವು. ಆ ಹುಲಿ ನಿಜಕ್ಕೂ ಹಸಿರೇ ಎಂದು ಎಷ್ಟೋ ವರ್ಷಗಳ ಮೇಲೆ ಗೊತ್ತಾಯಿತು. ಇಡೀ ಟೀವಿಯಲ್ಲಿ ಮೇಷ್ಟ್ರ ಹಾಳೆ ಸರಿಯಾಗಿ ಹೇಳಿದ್ದ ಏಕೈಕ ಬಣ್ಣವನ್ನೇ ನಾವು ಸುಳ್ಳೆಂದು ತಳ್ಳಿಹಾಕಿದ್ದೆವು.

ಮಾತುಕತೆಯೆಲ್ಲ ಇಂಗ್ಲಿಷಿನಲ್ಲಿ. ನಾವೋ ಮುನಿಸಿಪಲ್ ಶಾಲೆಯವರು. ಹಾಗಾಗಿ ಕಾನ್ವೆಂಟಿಗೆ ಹೋಗುತ್ತಿದ್ದ ಮೇಷ್ಟ್ರ ಮೊಮ್ಮಗನೇ ನಮಗೆ ಹರಿಕಥೆ ದಾಸರು. ಪರದೆಯ ಮೇಲೆ ಒಂದು ನಿಮಿಷ ಮಾತು ನಡೆದರೆ ಇವನು ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದ: ‘ಕೋಟೆ ಬಿಟ್ಟುಕೊಡಲ್ಲ ಅಂತಿದಾನೆ.’ ಪರದೆಯ ಮೇಲೆ ಎರಡೇ ಶಬ್ದ ಬಂದರೆ ಇವನದು ಐದು ನಿಮಿಷದ ವ್ಯಾಖ್ಯಾನ. ತಲೆಬುರುಡೆಯ ಮುಖದ ಖಳನಾಯಕ ಸ್ಕೆಲಿಟರ್‌ಗೆ ಹೀ-ಮ್ಯಾನ್ ಮೇಲೆ ಇಷ್ಟು ಸಿಟ್ಟೇಕೆ ಎಂದು ಕೇಳಿದ್ದಕ್ಕೆ ಅವನು ಒಂದು ಗಳಿಗೆಯೂ ತಡವರಿಸದೆ, ‘ಅವನು ಇವನ ಚಿಕ್ಕಪ್ಪ ಕಣ್ರೋ. ಆಸ್ತಿ ಜಗಳ’ ಎಂದಿದ್ದ. ನಮಗೆ ಪೂರ್ತಿ ಸಮಾಧಾನವಾಯಿತು. ನಮ್ಮ ಬೀದಿಯಲ್ಲೇ ಅಂಥ ಮನೆಗಳು ಬೇಕಾದಷ್ಟಿದ್ದವು. ಕಾರ್ಟೂನಿನಲ್ಲಿ ಎಲ್ಲೂ ಹಾಗೆ ಹೇಳಿರಲಿಲ್ಲ. ಆದರೆ ಆಶ್ಚರ್ಯ ನೋಡಿ, ಆಮೇಲಿನ ವರ್ಷಗಳಲ್ಲಿ ಬೆಳೆದ ಹೀ-ಮ್ಯಾನ್ ಪುರಾಣದಲ್ಲಿ ಅಮೆರಿಕದವರೇ ಸ್ಕೆಲಿಟರನಿಗೆ ಕೆಲ್ಡರ್ ಎಂಬ ಪೂರ್ವಾಶ್ರಮದ ಹೆಸರು ಕೊಟ್ಟು, ಅವನನ್ನು ರಾಜನ ಸೋದರನನ್ನಾಗಿ, ಅಂದರೆ ಹೀ-ಮ್ಯಾನ್‌ಗೆ ಚಿಕ್ಕಪ್ಪನನ್ನಾಗಿಯೋ ದೊಡ್ಡಪ್ಪನನ್ನಾಗಿಯೋ ಮಾಡಿದರು. ತುಮಕೂರಿನ ಆ ಹುಡುಗನಿಗೆ ಅವರು ಸಂಭಾವನೆ ಕಳಿಸಿದಂತಿಲ್ಲ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಎಟರ್ನಿಯಾ ಎಂಬ ಲೋಕ. ಅಲ್ಲಿ ಆ್ಯಡಂ ಎಂಬ ಸೋಮಾರಿ ರಾಜಕುಮಾರ. ಕತ್ತಿ ಮೇಲೆತ್ತಿ ಗ್ರೇಸ್ಕಲ್ ಕೋಟೆಯ ಹೆಸರು ಹೇಳಿದನೆಂದರೆ ಮಿಂಚು ಗುಡುಗು ಆಗಿ ಹೀ-ಮ್ಯಾನ್ ಆಗುತ್ತಾನೆ. ಅವನ ಪುಕ್ಕಲು ಹುಲಿ ಕ್ರಿಂಜರ್ ಕೂಡ ಅದೇ ಮಿಂಚಿನಲ್ಲಿ ಘರ್ಜಿಸುವ ಬ್ಯಾಟಲ್ ಕ್ಯಾಟ್ ಆಗುತ್ತದೆ. ಆ್ಯಡಂಗೆ ಶಕ್ತಿ ಬರುವ ಹೊತ್ತಿಗೆ ಸರಿಯಾಗಿ ನಮ್ಮ ಬೀದಿಯ ಕರೆಂಟ್ ಹೋಗುತ್ತಿದ್ದದ್ದೂ ಉಂಟು. ಶಕ್ತಿ ಬಂದ ಮೇಲೆ ಅವನಲ್ಲಿ ಆಗುವ ಬದಲಾವಣೆ ಇಷ್ಟು: ಅಂಗಿ ಹೋಗುತ್ತದೆ, ಮೈಬಣ್ಣ ತುಸು ಕಂದಾಗುತ್ತದೆ. ಅದೇ ಮುಖ, ಅದೇ ಬಾಬ್‌ಕಟ್ ಕೂದಲು. ಆದರೂ ಹೆತ್ತ ಅಪ್ಪನಿಗೇ ಗುರುತು ಸಿಗುವುದಿಲ್ಲ! ನಮ್ಮ ಸಿನಿಮಾಗಳಲ್ಲಿ ನಾಯಕ ಮಾರುವೇಷ ಹಾಕಿದರೆ ಕನಿಷ್ಠ ಕೆನ್ನೆಗೊಂದು ಮಚ್ಚೆಯಾದರೂ ಇರುತ್ತಿತ್ತು. 1997ರಲ್ಲಿ ಬಂದ ಶಕ್ತಿಮಾನ್ ಕೂಡ ಗಂಗಾಧರನಾಗುವಾಗ ದಪ್ಪ ಕನ್ನಡಕ ಹಾಕಿ ಹಲ್ಲು ಮುಂದೆ ಬಿಟ್ಟುಕೊಳ್ಳುವ ಸೌಜನ್ಯ ತೋರಿಸಿದ. ಹೀ-ಮ್ಯಾನ್ ಅಷ್ಟೂ ಮಾಡಲಿಲ್ಲ. ನಮ್ಮ ಅಜ್ಜಿಗೆ ಮಾತ್ರ ಮೊದಲ ದಿನವೇ ಗುರುತು ಸಿಕ್ಕಿತ್ತು. ಅವರ ಚಿಂತೆ ಬೇರೆಯದು. ‘ಇಷ್ಟು ದೊಡ್ಡ ಅರಮನೆ, ರಾಜನ ಮಗ, ಸೊಂಟಕ್ಕೊಂದು ಪಂಚೆ ಸುತ್ಕೊಳ್ಳೋಕೆ ಏನು ಬಂತೋ ಇವನಿಗೆ? ಶೀತ ಆಗಲ್ವೇ?’

ಇಂಥ ಮಹಾಬಲಶಾಲಿ ಯಾರನ್ನೂ ಸರಿಯಾಗಿ ಹೊಡೆಯುತ್ತಿರಲಿಲ್ಲ ಎಂಬುದು ನಮಗಿದ್ದ ದೊಡ್ಡ ಅಸಮಾಧಾನ. ಬೆಟ್ಟ ಎತ್ತುತ್ತಾನೆ, ಕಂಬ ಕೀಳುತ್ತಾನೆ, ವೈರಿ ಕೈಗೆ ಸಿಕ್ಕರೆ ಮೆಲ್ಲಗೆ ಎತ್ತಿ ಕೆಸರಿಗೆ ಹಾಕುತ್ತಾನೆ. ಬೆನ್ನಿಗೆ ಕತ್ತಿಯಿದೆ, ಅದು ಒಂದು ಸೌತೆಕಾಯಿಯನ್ನೂ ಹೆಚ್ಚಿದ್ದು ಕಾಣೆ. ಕೊನೆಗೆ ಪಾತ್ರಗಳಲ್ಲಿ ಯಾರಾದರೊಬ್ಬರು ನಮ್ಮ ಕಡೆ ತಿರುಗಿ, ಸುಳ್ಳು ಹೇಳಬಾರದು, ದೊಡ್ಡವರ ಮಾತು ಕೇಳಬೇಕು ಎಂದು ನೀತಿ ಬೋಧಿಸಿ ಕೈಬೀಸುತ್ತಿದ್ದರು. ಅಷ್ಟು ಹೊತ್ತೂ ಪೇಪರಿನ ಹಿಂದೆ ಅಡಗಿರುತ್ತಿದ್ದ ಮೇಷ್ಟ್ರು ಅದೊಂದು ನಿಮಿಷ ಪೇಪರು ಇಳಿಸಿ, ‘ನೋಡಿ, ಅವನ ಬಾಯಲ್ಲಾದರೂ ಕೇಳಿ’ ಎನ್ನುತ್ತಿದ್ದರು. ನನಗೆ ಮಾತ್ರ ಸ್ಕೆಲಿಟರ್ ಇಷ್ಟವಾಗುತ್ತಿದ್ದ. ಯೋಜನೆ ತನ್ನದು, ಅದು ಹಾಳಾದರೆ ತಪ್ಪು ಕೈಕೆಳಗಿನವರದು, ಬೈಗುಳ ಎಲ್ಲರ ಎದುರಿಗೆ! ಮುಂದೆ ಕೆಲಸಕ್ಕೆ ಸೇರಿದಾಗ ಕಚೇರಿಯ ಪದ್ಧತಿಗಳನ್ನು ನನಗೆ ಯಾರೂ ಹೊಸದಾಗಿ ಕಲಿಸಬೇಕಾಗಲಿಲ್ಲ.

ಇಷ್ಟೆಲ್ಲ ಮಹಿಮೆಯನ್ನು ಮಗನಿಗೆ ದಾಟಿಸೋಣವೆಂದು ಒಂದು ಭಾನುವಾರ ಲ್ಯಾಪ್‌ಟಾಪಿನಲ್ಲಿ ಹಳೆಯ ಕಂತು ಹಾಕಿದೆ. ಅವನು ಜಾಹೀರಾತಿನ ನಡುವೆಯೇ ಹುಟ್ಟಿ ಬೆಳೆದ ಪೀಳಿಗೆಯವನು. ಐದು ಸೆಕೆಂಡು ಕಾದು ‘ಸ್ಕಿಪ್’ ಒತ್ತುವುದು ಅವನಿಗೆ ಉಸಿರಾಟದಷ್ಟು ಸಲೀಸು. ಕಾಲುಗಂಟೆ ಸುಮ್ಮನೆ ನೋಡಿದ. ಆಮೇಲೆ ಕೇಳಿದ:

‘ಅಪ್ಪಾ, ಪ್ರತಿ ಎರಡು ನಿಮಿಷಕ್ಕೆ ಒಬ್ಬ ಹೊಸಬ ಬರ್ತಾನಲ್ಲ, ಯಾಕೆ?’

‘ಅದೇ ಕಣೋ ಕಥೆಯ ವಿಸ್ತಾರ.’

‘ಒಬ್ಬನ ತಲೆ ಸ್ಪ್ರಿಂಗ್ ಥರ ಡಿಕ್ಕಿ ಹೊಡೆಯತ್ತೆ. ಒಬ್ಬನಿಗೆ ಕಬ್ಬಿಣದ ದವಡೆ, ಕೈ ಬಿಚ್ಚಿ ಬೇರೆ ಕೈ ಹಾಕ್ಕೋತಾನೆ. ಎಲ್ಲರ ಹತ್ರ ಒಂದೊಂದು ಗಾಡಿ. ಇದು ಕಥೆ ಅಲ್ಲಪ್ಪ, ಕ್ಯಾಟಲಾಗು. ಇಡೀ ಎಪಿಸೋಡೇ ಆಡ್. ಸ್ಕಿಪ್ ಬಟನ್ ಎಲ್ಲಿದೆ?’

ನನ್ನ ಬಾಲ್ಯವನ್ನು ಹೀಗೆ ಬಟನ್ ಹುಡುಕಿ ದಾಟಿಸಲು ಹೊರಟವನ ಮಾತಿಗೆ ಉತ್ತರ ಕೊಡಲೇಬೇಕೆಂದು ನಾನು ಓದಲು ಕೂತೆ. ಓದಿದಷ್ಟೂ ಮಗ ಕಡಿಮೆಯೇ ಹೇಳಿದ್ದಾನೆ ಎನಿಸತೊಡಗಿತು.

ಮೊದಲು ಹುಟ್ಟಿದ್ದು ಕಥೆಯಲ್ಲ, ಗೊಂಬೆ. ಬಾರ್ಬಿಯನ್ನು ಹೆತ್ತ ಮ್ಯಾಟೆಲ್ ಕಂಪನಿಗೆ 1976ರಲ್ಲಿ ‘ಸ್ಟಾರ್ ವಾರ್ಸ್’ ಎಂಬ ಇನ್ನೂ ತೆರೆಕಾಣದ ಸಿನಿಮಾದ ಗೊಂಬೆ ಮಾಡುವ ಅವಕಾಶ ಬಂದಿತ್ತು. ಯಾರು ನೋಡುತ್ತಾರೆ ಇದನ್ನೆಲ್ಲ ಎಂದು ಬೇಡವೆಂದರು. ಕೆನ್ನರ್ ಎಂಬ ಇನ್ನೊಂದು ಕಂಪನಿ ಅದನ್ನು ಎತ್ತಿಕೊಂಡಿತು. ಮರುವರ್ಷ ಸಿನಿಮಾ ಬಂತು, ಕೆನ್ನರ್ ಗೊಂಬೆಗಳಿಗೆ ಮಕ್ಕಳು ಮುಗಿಬಿದ್ದರು, ಮ್ಯಾಟೆಲ್‌ನವರು ಕೈಹಿಸುಕಿಕೊಂಡರು. ನಮಗೂ ಒಬ್ಬ ವೀರ ಬೇಕೆಂದು ಅವರು ಹೊರಟಾಗ ರೋಜರ್ ಸ್ವೀಟ್ ಎಂಬ ವಿನ್ಯಾಸಕಾರ ತಮ್ಮಲ್ಲೇ ಇದ್ದ ‘ಬಿಗ್ ಜಿಮ್’ ಎಂಬ ಹಳೆಯ ಗೊಂಬೆಗೆ ಜೇಡಿಮಣ್ಣು ಮೆತ್ತಿ, ಮೈ ಉಬ್ಬಿಸಿ, ಮೂರು ವೇಷದಲ್ಲಿ ಅಧಿಕಾರಿಗಳ ಮುಂದಿಟ್ಟ: ಒಂದು ಕಾಡುವೀರ, ಒಂದು ಸೈನಿಕ, ಒಂದು ಬಾಹ್ಯಾಕಾಶದವನು. ಕಾಡುವೀರ ಗೆದ್ದ. ಅವನೇ ಹೀ-ಮ್ಯಾನ್. ತಲೆಬುರುಡೆಯ ವೈರಿ, ತಲೆಬುರುಡೆಯ ಕೋಟೆ ಇವೆಲ್ಲ ಮಾರ್ಕ್ ಟೇಲರ್ ಎಂಬ ಇನ್ನೊಬ್ಬ ಕಲಾವಿದನ ಕೈಯವು. 1982ರಲ್ಲಿ ಗೊಂಬೆಗಳು ಅಂಗಡಿಗೆ ಬಂದವು. ಐದೂವರೆ ಇಂಚು ಎತ್ತರ, ಸೊಂಟದಲ್ಲಿ ಸ್ಪ್ರಿಂಗು. ತಿರುಗಿಸಿ ಬಿಟ್ಟರೆ ಗುದ್ದು.

ನನಗೆ ಬಹಳ ಹಿಡಿಸಿದ್ದು ಹುಲಿಯ ಕಥೆ. ಆ ಮಹಾ ವ್ಯಾಘ್ರವೂ ಬಿಗ್ ಜಿಮ್‌ನ ಆಸ್ತಿಯೇ. ಅದರ ಅಚ್ಚು ಕಂಪನಿಯಲ್ಲಿ ಸುಮ್ಮನೆ ಬಿದ್ದಿತ್ತು. ಆದರೆ ಬಿಗ್ ಜಿಮ್ ಎತ್ತರದ ಆಳು, ಅವನ ಹುಲಿಯೂ ದೊಡ್ಡದು. ಐದೂವರೆ ಇಂಚಿನವನ ಪಕ್ಕ ನಿಲ್ಲಿಸಿದರೆ ಕುದುರೆಯಷ್ಟು ಕಾಣುತ್ತದೆ. ಹೊಸ ಅಚ್ಚು ಮಾಡಿಸಲು ದುಡ್ಡು ಬೇಕು. ಹಾಗಾದರೆ ಕುದುರೆಯೇ ಆಗಲಿ ಎಂದು ಅದಕ್ಕೆ ಹಸಿರು ಬಣ್ಣ ಬಳಿದು, ಜೀನು ಕಟ್ಟಿ, ಹೀ-ಮ್ಯಾನ್‌ನನ್ನು ಅದರ ಮೇಲೆ ಕೂರಿಸಿಬಿಟ್ಟರು. ರಾತ್ರಿ ಉಳಿದ ಅನ್ನವನ್ನು ಬೆಳಿಗ್ಗೆ ಚಿತ್ರಾನ್ನ ಮಾಡಿ ಬಡಿಸುವ ನಮ್ಮಮ್ಮನ ಜಾಣ್ಮೆಗೂ ಇದಕ್ಕೂ ಏನೂ ವ್ಯತ್ಯಾಸವಿಲ್ಲ. ಈ ಉಳಿತಾಯ ಇಡೀ ಸೈನ್ಯಕ್ಕೆ ಹರಡಿತು. ಒಂದೇ ಎದೆ, ಒಂದೇ ತೋಳು, ಒಂದೇ ತೊಡೆಯ ಅಚ್ಚು. ತಲೆ ಬದಲಿಸಿದರೆ ಹೊಸ ಪಾತ್ರ. ಸಮುದ್ರವಾಸಿ ಮರ್-ಮ್ಯಾನ್‌ನ ತಲೆಗೇ ಕಪ್ಪುಬಿಳಿ ಬಣ್ಣ ಬಳಿದು, ಪ್ಲಾಸ್ಟಿಕ್ಕಿಗೆ ಘಾಟು ವಾಸನೆ ಬೆರೆಸಿ, 1985ರಲ್ಲಿ ‘ಸ್ಟಿಂಕರ್’ ಎಂಬ ನಾರುವ ಗೊಂಬೆಯನ್ನು ಮಾರಿದರು. ಮಕ್ಕಳು ಮೂಗು ಮುಚ್ಚಿಕೊಂಡೇ ಕೊಂಡರು.

ಗೊಂಬೆ ಬಂತು, ಇನ್ನು ಅದಕ್ಕೆ ಕಥೆ ಬೇಕಲ್ಲ. ಮೊದಲು ಡಬ್ಬದೊಳಗೆ ಪುಟ್ಟ ಕಾಮಿಕ್ಸ್ ಪುಸ್ತಕ ಇಟ್ಟರು. ಆಮೇಲೆ ಲೂ ಶೈಮರ್ ಅವರ ಫಿಲ್ಮೇಶನ್ ಸ್ಟುಡಿಯೊ ಕಾರ್ಟೂನಿಗೆ ಕೈಹಾಕಿತು. ವಾರಕ್ಕೈದು ದಿನ, 13 ವಾರ ಬರುವ ಹಾಗೆ ಒಟ್ಟಿಗೇ 65 ಕಂತು. ಮರುವರ್ಷ ಇನ್ನೂ 65. ಶೈಮರ್‌ಗೆ ಒಂದು ಹಟವಿತ್ತು. ಉಳಿದ ಸ್ಟುಡಿಯೊಗಳಂತೆ ಚಿತ್ರ ಬಿಡಿಸುವ ಕೆಲಸವನ್ನು ಹೊರದೇಶಕ್ಕೆ ಕಳಿಸದೆ ಅಮೆರಿಕದಲ್ಲೇ ಮಾಡಿಸಬೇಕು. ಕೂಲಿ ದುಬಾರಿ, ಹಾಗಾಗಿ ಚಿತ್ರಗಳನ್ನು ಮಿತವಾಗಿ ಬಳಸಬೇಕು. ಹೀ-ಮ್ಯಾನ್ ನಮ್ಮತ್ತ ಓಡಿಬರುವುದು, ಕ್ಯಾಮೆರಾಗೇ ಗುದ್ದುವುದು, ಸೊಂಟಕ್ಕೆ ಕೈಯಿಟ್ಟು ನಗುವುದು, ಎಲ್ಲ ಒಮ್ಮೆ ಬಿಡಿಸಿಟ್ಟುಕೊಂಡು ಬೇಕಾದಾಗ ತೆಗೆದು ಅಂಟಿಸಿದ್ದು. ಗಾಳಿಯಲ್ಲಿ ತೇಲುವ ಕುಳ್ಳ ಮಾಂತ್ರಿಕ ಓರ್ಕೊನ ಎದೆಯ ಮೇಲೆ ‘ಓ’ ಅಕ್ಷರ ಏಕಿದೆ ಗೊತ್ತೇ? ಮೊದಲು ಅವನ ಹೆಸರು ಗೋರ್ಪೊ, ಎದೆಯ ಮೇಲೆ ಇಂಗ್ಲಿಷಿನ ‘ಜಿ’. ಒಂದೇ ಚಿತ್ರವನ್ನು ತಿರುವಿ ಹಾಕಿ ಅವನನ್ನು ಎಡಕ್ಕೂ ಬಲಕ್ಕೂ ಓಡಿಸಲು ಹೋದರೆ ‘ಜಿ’ ಉಲ್ಟಾ ಆಗುತ್ತದೆ. ‘ಓ’ ಆದರೆ ಎತ್ತ ತಿರುವಿದರೂ ‘ಓ’. ನಮ್ಮ ಚಿತ್ರರಂಗದಲ್ಲಿ ಸಂಖ್ಯಾಶಾಸ್ತ್ರಕ್ಕಾಗಿ ಹೆಸರು ಬದಲಿಸಿದವರನ್ನು ಕಂಡಿದ್ದೇನೆ. ಖರ್ಚು ಉಳಿಸಲು ನಾಮಕರಣವನ್ನೇ ಬದಲಿಸಿಕೊಂಡವನು ಇವನೊಬ್ಬನೇ. ಓರ್ಕೊಗೆ ಧ್ವನಿ ಕೊಟ್ಟದ್ದೂ ಶೈಮರ್ ಅವರೇ, ಇನ್ನೊಂದು ಹೆಸರಿಟ್ಟುಕೊಂಡು. ಇನ್ನು ಸ್ಕೆಲಿಟರನ ಕೀರಲು ಗದರಿಕೆ, ಪುಕ್ಕಲು ಕ್ರಿಂಜರ್‌ನ ನಡುಗುವ ಗೋಳು, ಬ್ಯಾಟಲ್ ಕ್ಯಾಟ್‌ನ ಘರ್ಜನೆ ಮೂರೂ ಆ್ಯಲನ್ ಓಪನ್‌ಹೈಮರ್ ಎಂಬ ಒಬ್ಬರದೇ. ಹೆದರಿಸುವವನೂ ಅವರೇ, ಹೆದರುವವನೂ ಅವರೇ. ಸಂಬಳ ಎಷ್ಟು ಕಡೆಯಿಂದ ಬಂತೋ ಕಾಣೆ.

ಇಷ್ಟು ರಾಜಾರೋಷವಾಗಿ ಗೊಂಬೆಗೆ ಕಾರ್ಟೂನು ಕಟ್ಟಲು ಮೊದಲು ಬಿಡುತ್ತಿರಲಿಲ್ಲ. 1969ರಲ್ಲಿ ಇದೇ ಮ್ಯಾಟೆಲ್ ತನ್ನ ‘ಹಾಟ್ ವೀಲ್ಸ್’ ಕಾರುಗಳ ಕಾರ್ಟೂನು ಹಾಕಿಸಿದಾಗ ಎದುರು ಕಂಪನಿಯೊಂದು ದೂರು ಕೊಟ್ಟಿತ್ತು. ಇದು ಕಾರ್ಯಕ್ರಮವೋ ಜಾಹೀರಾತೋ ಎಂದು ಅಲ್ಲಿನ ಸಂವಹನ ಆಯೋಗ ಕಣ್ಣು ಕೆಂಪಗೆ ಮಾಡಿತ್ತು. ರೇಗನ್ ಅಧ್ಯಕ್ಷರಾದ ಮೇಲೆ ಆಯೋಗದ ಕಣ್ಣು ತಣ್ಣಗಾಯಿತು, 1984ರಲ್ಲಿ ಜಾಹೀರಾತಿನ ಮಿತಿಗಳೂ ಹೋದವು. ಹೀ-ಮ್ಯಾನ್ ಹಿಂದೆಯೇ ಟ್ರಾನ್ಸ್‌ಫಾರ್ಮರ್ಸ್, ಜಿ. ಐ. ಜೋ, ಬಣ್ಣಬಣ್ಣದ ಕುದುರೆಮರಿಗಳು ಸಾಲುಗಟ್ಟಿ ಬಂದವು. ತಾಯಂದಿರ ಸಂಘಗಳು ಗಲಾಟೆ ಮಾಡಿದವು. ಅದಕ್ಕೆ ಉತ್ತರವಾಗಿಯೇ ಆ ಕೆಸರಿನ ಗುಂಡಿ, ಹೆಚ್ಚದ ಕತ್ತಿ, ಕೊನೆಯ ನೀತಿಬೋಧೆ. ನೀತಿಪಾಠ ಸರಿಯಿದೆಯೇ ನೋಡಲು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರನ್ನೇ ಸಲಹೆಗಾರರಾಗಿ ಇಟ್ಟುಕೊಂಡಿದ್ದರು. ಮೇಷ್ಟ್ರು ಪೇಪರು ಇಳಿಸುತ್ತಿದ್ದದ್ದು ಸುಮ್ಮನೆ ಅಲ್ಲ; ಅಲ್ಲಿ ಮಾತಾಡುತ್ತಿದ್ದದ್ದೂ ಇನ್ನೊಬ್ಬ ಮೇಷ್ಟ್ರೇ.

ಇಲ್ಲಿಗೆ ಮಗ ಗೆದ್ದ ಎನ್ನಬಹುದು. ಆದರೆ ನನ್ನದೊಂದು ವಾದವಿದೆ. ಜಾಹೀರಾತು ಜಾಹೀರಾತಾಗಬೇಕಾದರೆ ಅದನ್ನು ನೋಡಿದವನು ಎದ್ದು ಅಂಗಡಿಗೆ ಹೋಗುವಂತಿರಬೇಕು. ಅಮೆರಿಕದ ಹುಡುಗ ಹೋದ, ಅವನಿಗೆ ಅದು ಜಾಹೀರಾತು. ನಾವು ಎಲ್ಲಿಗೆ ಹೋಗಬೇಕಿತ್ತು? ಭಾರತದಲ್ಲೂ ಲಿಯೋ ಹೆಸರಿನಲ್ಲಿ ಹೀ-ಮ್ಯಾನ್ ಗೊಂಬೆಗಳು ತಯಾರಾಗುತ್ತಿದ್ದವು, ನಿಜ. ಬೆಂಗಳೂರಿನ ದೊಡ್ಡ ಅಂಗಡಿಗಳ ಗಾಜಿನ ಹಿಂದೆ ಅವು ನಿಂತಿದ್ದವಂತೆ. ನಮ್ಮ ಬೀದಿಯ ಕೊನೆಯ ಅಂಗಡಿಯಲ್ಲಿ ಇದ್ದದ್ದು ಬುಗುರಿ, ಗೋಲಿ, ಬಲೂನು ಮತ್ತು ಒತ್ತಿದರೆ ಕುಯ್ಯೆನ್ನುವ ರಬ್ಬರ್ ಬಾತುಕೋಳಿ. ಆ ಗೊಂಬೆ ಕೊಡಿಸೆಂದು ಅಪ್ಪನನ್ನು ಕೇಳುವ ಧೈರ್ಯ ಗ್ರೇಸ್ಕಲ್ ಕೋಟೆಯೂ ಕೊಡಲಾರದು. ಹೀಗಾಗಿ ಕಂಪನಿ ಲಕ್ಷಾಂತರ ಡಾಲರ್ ಸುರಿದು ಮಾಡಿದ ಜಾಹೀರಾತು ಮಾಲೇ ಇಲ್ಲದ ಊರಿಗೆ ಬಂದು ಬರೀ ಕಥೆಯಾಗಿ ಉಳಿಯಿತು. ಅದನ್ನು ಪುಕ್ಕಟೆಯಾಗಿ, ನಿಷ್ಕಾಮವಾಗಿ ಸವಿದವರು ನಾವೇ.

ಮಾಲು ಸಿಗದಿದ್ದರೆ ಬಿಟ್ಟೇವೆಯೇ? ತೆಂಗಿನ ಗರಿಯ ದಿಂಡು ಕತ್ತಿಯಾಯಿತು. ಅಕ್ಕಿ ಡಬ್ಬದ ಮುಚ್ಚಳ ಗುರಾಣಿ, ಮನೆಯ ಜೇಡರ ಬಲೆ ತೆಗೆಯುವ ಕೋಲು ಸ್ಕೆಲಿಟರನ ಮಂತ್ರದಂಡ. ಹೀ-ಮ್ಯಾನ್ ಎದೆಯ ಮೇಲಿನ ಅಡ್ಡಪಟ್ಟಿಗಳಿಗೆ ಎರಡು ಸ್ಕೂಲ್ ಬೆಲ್ಟು ಬೇಕು. ಒಂದು ನಮ್ಮದು, ಇನ್ನೊಂದು ಸ್ಕೆಲಿಟರ್ ಆದವನದು. ಅವನು ಒಂದು ಕೈಯಲ್ಲಿ ಮಂತ್ರದಂಡ, ಇನ್ನೊಂದು ಕೈಯಲ್ಲಿ ಚಡ್ಡಿ ಹಿಡಿದುಕೊಂಡೇ ಲೋಕವನ್ನು ಗೆಲ್ಲಲು ಹೊರಡಬೇಕಾಗಿತ್ತು. ಬ್ಯಾಟಲ್ ಕ್ಯಾಟ್ ಪಾತ್ರ ಯಾವಾಗಲೂ ಮನೆಯ ತಮ್ಮಂದಿರಿಗೆ ಮೀಸಲು. ನನ್ನ ತಮ್ಮ ಮಂಡಿಯೂರಿ ನನ್ನನ್ನು ಹೊತ್ತು ಅಂಗಳ ಸುತ್ತುತ್ತಿದ್ದ. ಈಗ ಅವನು ಒಂದು ಬ್ಯಾಂಕಿನ ಮ್ಯಾನೇಜರು. ನಾನು ಸಾಲ ಕೇಳಲು ಹೋದಾಗಲೆಲ್ಲ ಮಂಡಿನೋವಿನ ಪ್ರಸ್ತಾಪ ಬರುತ್ತದೆ. ನಮ್ಮಲ್ಲಿ ಕೆಸರಿಗೆ ಹಾಕುವ ಸೌಮ್ಯ ಪದ್ಧತಿ ಇರಲಿಲ್ಲ. ದಿಂಡು ಬಿದ್ದರೆ ಬಿತ್ತು. ಕೊನೆಯ ನೀತಿಪಾಠವನ್ನು ಅವರವರ ಮನೆಯಲ್ಲಿ ಅವರವರ ಅಮ್ಮಂದಿರು ನಡೆಸಿಕೊಡುತ್ತಿದ್ದರು.

ಒಮ್ಮೆ ಮಾತ್ರ ಅಸಲಿ ಹೀ-ಮ್ಯಾನ್ ನಮ್ಮ ಬೀದಿಗೆ ಚಿತ್ತೈಸಿದ. ಬಟ್ಟೆ ಅಂಗಡಿಯವರ ಮಗನಿಗೆ ಬೆಂಗಳೂರಿನ ಸೋದರಮಾವ ತಂದುಕೊಟ್ಟಿದ್ದು. ನೋಡಲು ಸರದಿಯಲ್ಲಿ ನಿಂತೆವು. ಮುಟ್ಟಿದರೆ ಒಂದು ಗೋಲಿ, ಸೊಂಟ ತಿರುಗಿಸಿ ಗುದ್ದಿಸಿದರೆ ಎರಡು ಎಂದು ಅವನು ದರ ಗೊತ್ತುಮಾಡಿದ. ಸಂಜೆಯೊಳಗೆ ಅವನ ಜೇಬು ತುಂಬಿತು. ನಮಗೆ ಮಾತ್ರ ಒಳಗೊಳಗೇ ನಿರಾಸೆ. ಬೆಟ್ಟ ಎತ್ತುವವನು ಅಂಗೈಯಷ್ಟೇ ಇದ್ದ! ತಿರುಗಿಸಿ ಬಿಟ್ಟರೆ ಒಂದು ಗುದ್ದು, ಮತ್ತೆ ತಿರುಗಿಸಿದರೆ ಅದೇ ಗುದ್ದು. ಕೆಲವು ವಾರಗಳಲ್ಲಿ ಒಳಗಿನ ರಬ್ಬರು ಸಡಿಲಾಗಿ ಕಾಲುಗಳು ಜೋತುಬಿದ್ದವು. ಅಷ್ಟರಲ್ಲಿ ಅದರ ಒಡೆಯನಿಗೆ ನಮ್ಮ ಅಂಗಳದ ಮಹಾಯುದ್ಧದ ಸದ್ದು ಕೇಳಿ ಕೇಳಿ ತಡೆಯಲಾಗದೆ, ಸಂಪಾದಿಸಿದ ಗೋಲಿಗಳನ್ನೆಲ್ಲ ವಾಪಸು ಕೊಟ್ಟು ಸೈನ್ಯಕ್ಕೆ ಸೇರಿಕೊಂಡ. ಹೊಸಬನೆಂದು ಅವನಿಗೆ ಹುಲಿಯ ಪಾತ್ರ ಕೊಟ್ಟೆವು. ನನ್ನ ತಮ್ಮನಿಗೆ ಆ ದಿನ ಬಡ್ತಿ.

ನಾವು ಹೀಗೆ ದಿಂಡು ಬೀಸುತ್ತಿದ್ದ ಹೊತ್ತಿಗೆ ಅಮೆರಿಕದಲ್ಲಿ ಹೀ-ಮ್ಯಾನ್‌ನ ಕಥೆ ಮುಗಿದೇಹೋಗಿತ್ತು. 1986ರಲ್ಲಿ ಅಲ್ಲಿ 40 ಕೋಟಿ ಡಾಲರಿನಷ್ಟು ಮಾರಾಟವಾದ ಗೊಂಬೆಗಳು ಮರುವರ್ಷ 70 ಲಕ್ಷಕ್ಕೆ ಇಳಿದವು ಎಂದು ಹೇಳುತ್ತಾರೆ. ಪೇರಿಸಿಟ್ಟ ಮಾಲು ಹಾಗೇ ಕೊಳೆಯಿತು. 1987ರಲ್ಲಿ ಡಾಲ್ಫ್ ಲಂಡ್‌ಗ್ರೆನ್ ಹೀ-ಮ್ಯಾನ್ ಆಗಿ ನಟಿಸಿದ ಸಿನಿಮಾವೂ ಮೇಲೇಳಲಿಲ್ಲ. 1989ರಲ್ಲಿ ಫಿಲ್ಮೇಶನ್ ಸ್ಟುಡಿಯೊ ಬಾಗಿಲು ಹಾಕಿತು. ಅಲ್ಲಿ ಅಂಗಡಿಯವರು ಅರ್ಧ ಬೆಲೆಗೆ ತೊಲಗಿದರೆ ಸಾಕೆಂದು ಶಪಿಸುತ್ತಿದ್ದ ವೀರನಿಗೆ ಇಲ್ಲಿ ತುಮಕೂರಿನಲ್ಲಿ ಪಟ್ಟಾಭಿಷೇಕ ನಡೆಯುತ್ತಿತ್ತು. ದಿವಾಳಿಯೆದ್ದ ದೊರೆಗೆ ದೂರದ ಪ್ರಾಂತದ ಪ್ರಜೆಗಳು ಸುದ್ದಿ ತಿಳಿಯದೆ ಕಪ್ಪಕಾಣಿಕೆ ಒಪ್ಪಿಸುತ್ತಲೇ ಇದ್ದರು.

ಇಲ್ಲಿಗೆ ಮುಗಿದಿದ್ದರೆ ಕಂಪನಿಗೆ ನಾವು ಟೋಪಿ ಹಾಕಿದ ಹಾಗೆ ಆಗುತ್ತಿತ್ತು. ಆದರೆ ಕಂಪನಿಗಳಿಗೆ ಸಾವಿಲ್ಲ, ಅವಸರವೂ ಇಲ್ಲ. 2020ರಲ್ಲಿ ಮ್ಯಾಟೆಲ್ ‘ಒರಿಜಿನ್ಸ್’ ಎಂಬ ಹೆಸರಿನಲ್ಲಿ ಅದೇ ಐದೂವರೆ ಇಂಚಿನ, ಅದೇ ಬಾಬ್‌ಕಟ್ಟಿನ, ಅದೇ ಹಳೆಯ ಚಿತ್ರದ ರಟ್ಟಿನ ಹೀ-ಮ್ಯಾನ್‌ನನ್ನು ಮತ್ತೆ ಮಾರಲು ಶುರುಮಾಡಿತು. 2021ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಹಳೆಯ ಕಥೆಯನ್ನೇ ಮುಂದುವರಿಸುವ ಸರಣಿ ಬಂತು. ಇವೆಲ್ಲ ಯಾರಿಗಾಗಿ? ಮಕ್ಕಳಿಗೆ ಅವನ ಪರಿಚಯವಿಲ್ಲ. ಇದು ತಲೆ ನರೆತ, ಮಂಡಿ ಹಿಡಿದ, ಕ್ರೆಡಿಟ್ ಕಾರ್ಡ್ ಇರುವ ಹಳೆಯ ಭಕ್ತರಿಗೆ. ಅಂದು ಬಿತ್ತಿದ ಜಾಹೀರಾತಿನ ಫಸಲು ಕೊಯ್ಯಲು ಅವರು ನಮ್ಮ ಸಂಬಳ ಬೆಳೆಯುವವರೆಗೆ ಕಾದಿದ್ದರು. ನೀರು ಕುಡಿಯಲು ಎದ್ದು ಹೋಗುವ ನಾನು ಈ ಜಾಹೀರಾತಿನಿಂದ ಎದ್ದಿರಲಿಲ್ಲವಲ್ಲ, ನನ್ನ ಹೆಸರೂ ಅವರ ಸಾಲದ ಪುಸ್ತಕದಲ್ಲಿ ಇತ್ತೆಂದು ಕಾಣುತ್ತದೆ. ಒಂದು ರಾತ್ರಿ ಫೋನಿನ ಪರದೆಯ ಮೇಲೆ ಅವನು ಕತ್ತಿ ಎತ್ತಿ ನಿಂತ. ನನ್ನ ಬೆರಳು ತಾನಾಗಿಯೇ ‘ಬೈ’ ಮೇಲೆ ಬಿತ್ತು.

ಪಾರ್ಸೆಲ್ ಬಂದಾಗ ಹೆಂಡತಿ ಬಾಗಿಲಲ್ಲಿದ್ದಳು.

‘ಯಾರಿಗ್ರೀ ಇದು?’

‘ಮಗನಿಗೆ.’

‘ನಂಗೆ ಬೇಡಪ್ಪ’ ಎಂದು ಮಗ ಒಳಗಿನಿಂದಲೇ ಕೂಗಿದ. ಅಪ್ಪನ ಮಾನ ಕಾಪಾಡುವುದನ್ನು ಈಗಿನ ಶಾಲೆಗಳಲ್ಲಿ ಕಲಿಸುವುದಿಲ್ಲ.

‘ಎಷ್ಟಾಯ್ತು?’

ಮಧ್ಯಮ ವರ್ಗದ ಗಂಡಂದಿರೆಲ್ಲ ಮಾಡುವ ಹಾಗೆ ಬೆಲೆಯನ್ನು ಎರಡರಿಂದ ಭಾಗಿಸಿ ಹೇಳಿದೆ. ಮಧ್ಯಮ ವರ್ಗದ ಹೆಂಡತಿಯರೆಲ್ಲ ಮಾಡುವ ಹಾಗೆ ಅವಳು ಅದನ್ನು ಮನಸ್ಸಿನಲ್ಲೇ ಎರಡರಿಂದ ಗುಣಿಸಿ, ‘ಇಷ್ಟು ದುಡ್ಡಿಗೆ ಒಂದು ಒಳ್ಳೇ ಮಿಕ್ಸಿ ಜಾರ್ ಬರ್ತಿತ್ತು’ ಎಂದು ತೀರ್ಪು ಕೊಟ್ಟಳು.

ಊರಿನಿಂದ ಬಂದಿದ್ದ ಅಮ್ಮ ಮಾತ್ರ ಕುತೂಹಲದಿಂದ ನೋಡಿದರು. ಅವರನ್ನು ನನ್ನ ಪಕ್ಷಕ್ಕೆ ಎಳೆದುಕೊಳ್ಳೋಣವೆಂದು ಫೋನಿನಲ್ಲಿ ಉಳಿದ ಹಳೆಯ ಗೊಂಬೆಗಳ ಚಿತ್ರ ತೋರಿಸುತ್ತ ಹೋದೆ. 1986ರ ‘ಸ್ನೌಟ್ ಸ್ಪೌಟ್’ ಎಂಬ ಆನೆತಲೆಯ ವೀರ ಬಂದ. ಅವನ ಸೊಂಡಿಲಿಗೆ ನೀರು ತುಂಬಿದರೆ ವೈರಿಯ ಮೇಲೆ ಚಿಮ್ಮಿಸುತ್ತಾನೆ. ಅಮ್ಮ ತಟ್ಟನೆ ಕೈಮುಗಿದರು. ಮುಂದಿನ ಚಿತ್ರಕ್ಕೆ ಹೋಗಲು ಬಿಡಲಿಲ್ಲ.

‘ಇದನ್ನ ತರೋದು ಬಿಟ್ಟು ಆ ಅಂಗಿ ಇಲ್ಲದೋನನ್ನ ತಂದಿದೀಯಲ್ಲೋ! ಹೋಗ್ಲಿ, ಡಬ್ಬ ಬಿಚ್ಚು ನೋಡೋಣ.’

‘ಬಿಚ್ಚಬಾರದಮ್ಮ. ಬಿಚ್ಚಿದರೆ ಬೆಲೆ ಹೋಗುತ್ತೆ. ಸಂಗ್ರಹಕಾರರೆಲ್ಲ ಹಾಗೇ ಇಡ್ತಾರೆ.’

‘ಸೀರೆಗೂ ಹೀಗೇ ಅಂತಿದ್ದಳು ನಿಮ್ಮ ದೊಡ್ಡಮ್ಮ. ಉಡದೇನೇ ಹೋದಳು’ ಎಂದು ಅಮ್ಮ ಕತ್ತರಿ ತರಲು ಒಳಗೆ ಹೋದರು. ಬರುವಷ್ಟರಲ್ಲಿ ನಾನೇ ಬಿಚ್ಚಿದ್ದೆ. ದೊಡ್ಡಮ್ಮನ ಉದಾಹರಣೆಯ ಎದುರು ಸಂಗ್ರಹಕಾರರ ಶಾಸ್ತ್ರ ನಿಲ್ಲುವುದಿಲ್ಲ.

ಈಗ ಅವನು ನನ್ನ ಮೇಜಿನ ಮೇಲೆ, ಕಂಪ್ಯೂಟರಿನ ಪಕ್ಕದಲ್ಲಿ ನಿಂತಿದ್ದಾನೆ. ಕಚೇರಿಯ ಆನ್‌ಲೈನ್ ಸಭೆಗಳಲ್ಲಿ ಸ್ಕೆಲಿಟರ್ ಶೈಲಿಯ ಮಾತುಗಳು ಬಂದಾಗ ಅವನ ಮೊಣಕೈ ಬಾಗಿಸುತ್ತೇನೆ, ತಲೆ ಅತ್ತಿತ್ತ ಹೊರಳಿಸುತ್ತೇನೆ. ಹೊಸ ಗೊಂಬೆಗೆ ಕೀಲುಗಳು ಬಹಳ. ಹಳೆಯದರ ಸೊಂಟದ ಸ್ಪ್ರಿಂಗು ಮಾತ್ರ ಇಲ್ಲ. ನನ್ನ ಲೆಕ್ಕದಲ್ಲಿ ಕಂಪನಿಗೂ ನನಗೂ ವ್ಯವಹಾರ ಚುಕ್ತಾ. ಅಷ್ಟು ವರ್ಷಗಳ ಕಥೆಗೆ, ಅಂಗಳದ ಅಷ್ಟೂ ಯುದ್ಧಗಳಿಗೆ, ತಮ್ಮನ ಮಂಡಿಗೆ, ಮೇಷ್ಟ್ರ ಮನೆಯ ಟೀವಿಗೆ ಸೇರಿಸಿ ಒಂದು ಗೊಂಬೆಯ ದುಡ್ಡು ದುಬಾರಿಯೇನಲ್ಲ. ಬಡ್ಡಿಯನ್ನೂ ಕೇಳಿದ ಹಾಗಿಲ್ಲ.

ಹೀಗೆಂದು ಹೆಂಡತಿಗೆ ವಿವರಿಸಿದೆ. ಅವಳು ಒಪ್ಪಿದಳು. ಇನ್ನು ಮೇಲೆ ಗೊಂಬೆಯ ಮಾತಿಲ್ಲ ಎಂದು ಮಗನ ಸಾಕ್ಷಿಯಲ್ಲಿ ರಾಜಿಯಾಯಿತು. ಆಮೇಲೆ ಎರಡು ದಿನ ನಾನು ಮೇಜಿನ ಮೇಲಿನ ವೀರನನ್ನು ನೋಡುತ್ತ ಕೂತೆ. ಕತ್ತಿ ಎತ್ತಿದ್ದಾನೆ, ಮುಷ್ಟಿ ಬಿಗಿದಿದ್ದಾನೆ, ಎದುರಿಗೆ ಇರುವುದು ಸ್ಟೇಪ್ಲರು. ಯಾರ ಮೇಲೆ ಯುದ್ಧ ಮಾಡಬೇಕು ಪಾಪ? ಸ್ಕೆಲಿಟರ್ ಇಲ್ಲದಿದ್ದರೆ ಅವನು ಸುಮ್ಮನೆ ಬಟ್ಟೆ ಕಳೆದುಕೊಂಡು ನಿಂತ ಒಬ್ಬ ರಾಜಕುಮಾರ, ಅಷ್ಟೇ. ಒಬ್ಬನನ್ನು ಕೊಂಡವನು ಇನ್ನೊಬ್ಬನನ್ನು ಕೊಳ್ಳದೆ ಇರಲಾರ ಎಂಬುದು ಆ ಕಂಪನಿಯವರಿಗೆ 1982ರಲ್ಲೇ ಗೊತ್ತಿತ್ತು. ಅವನು ಶುಕ್ರವಾರ ಬರುತ್ತಾನಂತೆ. ಈ ಸಲ ವಿಳಾಸ ತಮ್ಮನ ಬ್ಯಾಂಕಿನದು ಕೊಟ್ಟಿದ್ದೇನೆ.